ಮೊದಲು ಮಿತಿ, ಆಮೇಲೆ ಚಿತ್ರ

ದಿನಕ್ಕೊಂದರಂತೆ ತಿಂಗಳಿಡೀ ಚಿತ್ರ ಬರೆಯುವುದು ಈಗ ಎಷ್ಟೋ ಚಿತ್ರಕಾರರಿಗೆ ವರ್ಷಕ್ಕೊಮ್ಮೆ ಬರುವ ವ್ರತದಂತಾಗಿದೆ. ಇದಕ್ಕೆ ಹೆಚ್ಚಿನ ಪ್ರಚಾರ ತಂದುಕೊಟ್ಟದ್ದು ಇಂಕ್‌ಟೋಬರ್. ಶಾಯಿಯಲ್ಲಿ ಬರೆಯುವ ಕೈ ಪಳಗಲಿ, ದಿನವೂ ಬರೆಯಲು ಕೂರುವ ರೂಢಿಯಾಗಲಿ ಎಂದು ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರ ಅಕ್ಟೋಬರಿನಲ್ಲಿ ತಮಗೆ ತಾವೇ ಹಾಕಿಕೊಂಡ ನೇಮ ಅದು. ದಿನಕ್ಕೊಂದು ಪದ ಕೊಡುವ ಅಧಿಕೃತ ಪಟ್ಟಿ 2016ರಿಂದ ಬರತೊಡಗಿತು. ಅದೇ ವರ್ಷ, ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಆನಿಮೇಟರ್ ಟಾಮ್ ಬ್ಯಾಂಕ್ರಾಫ್ಟ್ ಮೇ ತಿಂಗಳಿಡೀ ಮತ್ಸ್ಯಕನ್ಯೆಯರನ್ನು ಬರೆಯುವ ‘ಮರ್‌ಮೇ’ ಆರಂಭಿಸಿದರು. ಕಾಗದ, ಶಾಯಿಗಳಿಗೆಂದು ಹುಟ್ಟಿದ ಈ ನೇಮವನ್ನು ಇಂದು ಟ್ಯಾಬ್ ಮತ್ತು ಮೊಬೈಲಿನಲ್ಲಿ ಬರೆಯುವವರೂ ಉತ್ಸಾಹದಿಂದ ಕೈಗೆತ್ತಿಕೊಳ್ಳುತ್ತಿದ್ದಾರೆ. ಆದರೆ ಅವರ ಸಿದ್ಧತೆ ಹೆಚ್ಚಾಗಿ ವಿಷಯಗಳ ಪಟ್ಟಿಯನ್ನು ಸೇವ್ ಮಾಡಿಕೊಳ್ಳುವುದಕ್ಕೇ ಮುಗಿಯುತ್ತದೆ. ಡಿಜಿಟಲ್ ಕಲಾವಿದರಿಗೆ ಅಷ್ಟು ಸಾಲದು. ಏನು ಬರೆಯಬೇಕು ಎಂಬುದಕ್ಕಿಂತ ಮೊದಲು ಅವರು ತೀರ್ಮಾನಿಸಬೇಕಾದದ್ದು ಬೇರೆ ಇದೆ: ಯಾವ ಸಲಕರಣೆಯನ್ನು ಮುಟ್ಟುವುದಿಲ್ಲ, ಎಷ್ಟು ಹೊತ್ತಿಗೆ ನಿಲ್ಲಿಸುತ್ತೇನೆ, ಯಾವ ದಿನ ಬರೆಯುವುದೇ ಇಲ್ಲ.

ಕಾರಣ ಶಾಯಿಯಲ್ಲೇ ಇದೆ. ಶಾಯಿ ಬಿದ್ದ ಮೇಲೆ ಅಳಿಸಲಾಗದು. ಗೆರೆ ಸೊಟ್ಟಗಾದರೆ ಅದನ್ನೇ ಎಲೆಯಾಗಿಯೋ ನೆರಳಾಗಿಯೋ ತಿದ್ದಿಕೊಂಡು ಮುಂದೆ ಹೋಗಬೇಕು. ಹಾಳೆಯ ಅಳತೆ ಮೊದಲೇ ನಿಶ್ಚಿತ, ಬಣ್ಣ ಒಂದೇ. ಹೀಗೆ ಕಲಾವಿದ ಕೂರುವ ಮುನ್ನವೇ ನೂರು ತೀರ್ಮಾನಗಳನ್ನು ಶಾಯಿ ತಾನೇ ಮಾಡಿಬಿಟ್ಟಿರುತ್ತದೆ. ಟ್ಯಾಬಿನ ಪರದೆಯಲ್ಲಿ ಇವ್ಯಾವುವೂ ಇಲ್ಲ. ಸಾಮಾನ್ಯ ಪರದೆಯೊಂದು ಸುಮಾರು 1 ಕೋಟಿ 67 ಲಕ್ಷ ಬಣ್ಣಗಳನ್ನು ತೋರಿಸಬಲ್ಲದು. ಬ್ರಷ್‌ಗಳು ನೂರಾರು, ಲೇಯರ್‌ಗಳು ಹತ್ತಾರು. ಎರಡು ಬೆರಳು ತಟ್ಟಿದರೆ ಬರೆದ ಗೆರೆ ಮಾಯ. ಕಣ್ಣಿನ ರೆಪ್ಪೆಯೊಂದನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿಕೊಂಡು ಅರ್ಧ ಗಂಟೆ ತೀಡಬಹುದು, ಚಿತ್ರವನ್ನು ಇಡಿಯಾಗಿ ನೋಡಿದಾಗ ಆ ಶ್ರಮ ಯಾರ ಕಣ್ಣಿಗೂ ಬೀಳದಿದ್ದರೂ ಸರಿ. ದೊಡ್ಡ ಕೆಲಸಕ್ಕೆ ಈ ಸೌಲಭ್ಯಗಳೆಲ್ಲ ವರವೇ. ದಿನಕ್ಕೊಂದು ಚಿತ್ರ ಮುಗಿಸಲೇಬೇಕಾದ ತಿಂಗಳಲ್ಲಿ ಮಾತ್ರ ಅವು ಚಿತ್ರ ಮುಗಿಯದಂತೆ ತಡೆಯುತ್ತವೆ. ಎರಡನೆಯ ವಾರದಲ್ಲಿ ಕೈಬಿಟ್ಟವರು ತಮ್ಮ ಮನೋಬಲವನ್ನು ಹಳಿದುಕೊಳ್ಳುತ್ತಾರೆ. ಆದರೆ ದಿನವೂ ಕ್ಯಾನ್ವಾಸಿನ ಅಳತೆಯಿಂದ ಹಿಡಿದು ಬಣ್ಣದ ಛಾಯೆಯವರೆಗೆ ಎಲ್ಲವನ್ನೂ ಹೊಸದಾಗಿ ಆರಿಸಬೇಕಾದ ಮನಸ್ಸು ಗೆರೆ ಎಳೆಯುವ ಮೊದಲೇ ದಣಿದಿರುತ್ತದೆ. ಅಲ್ಲಿ ತಪ್ಪಿದ್ದು ಏರ್ಪಾಡು, ಮನೋಬಲವನ್ನು ದೂರಿ ಪ್ರಯೋಜನವಿಲ್ಲ.

ಹಾಗಾಗಿ ಶಾಯಿ ಹಾಕುತ್ತಿದ್ದ ಕಟ್ಟುಪಾಡನ್ನು ಡಿಜಿಟಲ್ ಕಲಾವಿದ ತಿಂಗಳು ಶುರುವಾಗುವ ಮುನ್ನ ಕೈಯಾರೆ ಕಟ್ಟಿಕೊಳ್ಳಬೇಕು. ಇದು ಕಷ್ಟದ ಕೆಲಸವಲ್ಲ. ಎರಡು ಸಾವಿರ ಪಿಕ್ಸೆಲ್ ಚೌಕದ ಒಂದು ಕ್ಯಾನ್ವಾಸನ್ನು ಸಿದ್ಧಮಾಡಿ, ಅದರ ಮೂವತ್ತು ಪ್ರತಿಗಳಿಗೆ ತಾರೀಖಿನ ಹೆಸರು ಕೊಟ್ಟಿಟ್ಟರೆ ಆ ತೀರ್ಮಾನ ತಿಂಗಳಿಗೆಲ್ಲ ಮುಗಿಯಿತು. ಬ್ರಷ್ ಎರಡೇ: ಒಂದು ಗೆರೆಗೆ, ಇನ್ನೊಂದು ತುಂಬಲು. ಬಣ್ಣ ಮೂರೋ ನಾಲ್ಕೋ, ಬೇಕಿದ್ದರೆ ವಾರಕ್ಕೊಮ್ಮೆ ಬದಲಾಗಲಿ. ಲೇಯರ್ ಎರಡು ಸಾಕು, ಕರಡಿಗೊಂದು, ಚಿತ್ರಕ್ಕೊಂದು. ಹೊತ್ತು ನಲವತ್ತು ನಿಮಿಷ. ಅಲಾರಂ ಹೊಡೆದಾಗ ಚಿತ್ರ ಎಲ್ಲಿಗೆ ಬಂದಿದೆಯೋ ಅಲ್ಲಿಗೆ ನಿಲ್ಲಿಸುವುದು. ಅನ್‌ಡು ಬಳಸಲೇಬಾರದೆಂಬುದು ಕೆಲವರಿಗೆ ಅತಿ ಎನ್ನಿಸಬಹುದು. ಕೊನೆಯ ಹತ್ತು ನಿಮಿಷವಾದರೂ ಅದನ್ನು ಮುಟ್ಟದಿರುವುದು ಒಳ್ಳೆಯ ರಾಜಿ, ಏಕೆಂದರೆ ಚಿತ್ರ ಮುಗಿಸುವ ಧೈರ್ಯ ಬೇಕಾಗುವುದು ಆಗಲೇ. ಬೆಲೆಬಾಳುವ ಸಾಧನವಿಲ್ಲದವರೂ ಹಿಂಜರಿಯಬೇಕಿಲ್ಲ. ಕ್ರೀಟಾ ಪೂರ್ತಿ ಉಚಿತವಾದ, ಮುಕ್ತ ತಂತ್ರಾಂಶ. ಮೊಬೈಲಿನಲ್ಲಿ ಐಬಿಸ್‌ಪೇಂಟ್ ಹಾಕಿಕೊಂಡು ಬೆರಳಿನಲ್ಲೇ ಬರೆಯುವ ವಿದ್ಯಾರ್ಥಿಗೆ ಚಿಕ್ಕ ಪರದೆಯ ಇಕ್ಕಟ್ಟು ಈ ತಿಂಗಳಲ್ಲಿ ಅನುಕೂಲವಾಗಿಯೇ ಒದಗೀತು.

ಮಿತಿ ಹಾಕಿಕೊಂಡು ದಿನವೂ ಚಿತ್ರ ಬರೆಯುವುದು ಕನ್ನಡ ನಾಡಿಗೆ ಅಮೆರಿಕದಿಂದ ಬರಬೇಕಾದ ವಿದ್ಯೆಯೇನೂ ಅಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ನಮ್ಮ ಎಷ್ಟೋ ಊರುಗಳ ಹೆಂಗಸರು ನಸುಕಿನಲ್ಲೇ ಅಂಗಳ ಸಾರಿಸಿ ದಿನಕ್ಕೊಂದು ದೊಡ್ಡ ರಂಗೋಲಿ ಬಿಡಿಸುತ್ತಾರೆ. ತಿಂಗಳ ಕಾಲ ದಿನಕ್ಕೊಂದು ಚಿತ್ರ ಎಂಬ ನೇಮಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ವ್ಯಾಪಕವಾದ ಉದಾಹರಣೆ ಹುಡುಕುವುದು ಕಷ್ಟ. ಅದು ಹೇಗೆ ನಡೆಯುತ್ತದೆ ಎಂದು ಗಮನಿಸಬೇಕು. ಇಂದು ಎಷ್ಟು ಚುಕ್ಕಿ, ಎಷ್ಟರಿಂದ ಎಷ್ಟಕ್ಕೆ ಇಳಿಯುತ್ತದೆ, ನೇರ ಚುಕ್ಕಿಯೋ ಸಂದು ಚುಕ್ಕಿಯೋ ಎಂಬುದು ಕೂರುವ ಮೊದಲೇ ಗೊತ್ತು. ಹಿಂದಿನ ರಾತ್ರಿ ಪುಸ್ತಕದಲ್ಲಿ ಬರೆದು ನೋಡಿಕೊಂಡವರೂ ಉಂಟು. ಜಾಗ ಬಾಗಿಲ ಮುಂದಿನಷ್ಟೇ, ಸಮಯ ಬೀದಿಯಲ್ಲಿ ಓಡಾಟ ಶುರುವಾಗುವವರೆಗೆ. ಸಂಜೆಯ ಹೊತ್ತಿಗೆ ತುಳಿದು ಅಳಿಸಿಹೋಗುವ ಚಿತ್ರವಾದ್ದರಿಂದ ಇಂದಿನದು ಸ್ವಲ್ಪ ಸೊಟ್ಟಗಾದರೂ ನಾಳೆ ಇದ್ದೇ ಇದೆ. ಈ ಕಟ್ಟಿನೊಳಗೇ ಒಬ್ಬೊಬ್ಬರ ಕೈಯ ಎಳೆ ಬೇರೆ, ಬಣ್ಣ ತುಂಬುವ ರೀತಿ ಬೇರೆ. ಅದನ್ನು ನಾವು ಕಲೆಯ ಅಭ್ಯಾಸವೆಂದು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಂದದ್ದು ಆ ಹೆಂಗಸರಿಗೆ ಮಾಡಿದ ಅನ್ಯಾಯವೆಂದೇ ನನ್ನ ನಂಬಿಕೆ. ಇನ್ನು ಪತ್ರಿಕೆಯ ಲೋಕಕ್ಕೆ ಬಂದರೆ, ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ 1951ರಲ್ಲಿ ಆರಂಭಿಸಿದ ಪಾಕೆಟ್ ಕಾರ್ಟೂನನ್ನು ಐದು ದಶಕ ನಡೆಸಿದರು. ಅಲ್ಲಿಯೂ ಜಾಗ ಕಿರಿದು, ಪತ್ರಿಕೆ ಅಚ್ಚಿಗೆ ಹೋಗುವ ಗಡುವು ಕಟ್ಟುನಿಟ್ಟು, ಚೌಕಳಿ ಕೋಟಿನ ಶ್ರೀಸಾಮಾನ್ಯ ಯಾವಾಗಲೂ ಒಂದು ಬದಿಯಲ್ಲಿ ನಿಂತಿರುತ್ತಿದ್ದ. ಇಷ್ಟೆಲ್ಲ ಮೊದಲೇ ನಿಶ್ಚಿತವಾಗಿದ್ದುದರಿಂದ ಅವರ ಗಮನವೆಲ್ಲ ಅಂದಿನ ಮಾತಿನ ಮೇಲೂ ಮುಖಭಾವದ ಮೇಲೂ ನಿಲ್ಲುವುದು ಸಾಧ್ಯವಾಯಿತು.

ಯೋಜನೆಯ ಎರಡನೆಯ ಭಾಗ ಬಿಡುವಿನದು. ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಚಿತ್ರ ಕೊಡುತ್ತದೆ. ಊಟ, ನೀರು, ವ್ಯಾಯಾಮದಂಥ ಸರಳ ರೂಢಿಗಳು ನೆಲೆಯೂರಲು ಸರಾಸರಿ 66 ದಿನ ಬೇಕಾಯಿತು. ಅವರ ಲೆಕ್ಕದಲ್ಲಿ ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗುತ್ತಿತ್ತು. ಚಿತ್ರ ಬರೆಯುವುದು ನೀರು ಕುಡಿದಷ್ಟು ಸುಲಭವಲ್ಲ, ಆದ್ದರಿಂದ ಅದು ಒಂದು ತಿಂಗಳಲ್ಲಿ ರಕ್ತಗತವಾದೀತೆಂದು ನಿರೀಕ್ಷಿಸುವುದೇ ತಪ್ಪು. ಅದೇ ಅಧ್ಯಯನದ ಇನ್ನೊಂದು ಅಂಶ ನಮಗೆ ಹೆಚ್ಚು ಮುಖ್ಯ: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ಹಾಗಿದ್ದ ಮೇಲೆ ಒಂದು ದಿನ ತಪ್ಪಿದ್ದಕ್ಕೆ ಇಡೀ ನೇಮವನ್ನೇ ಬಿಟ್ಟುಬಿಡುವ ಪರಿಪಾಠಕ್ಕೆ ಏನು ಅರ್ಥ? ವಾರಕ್ಕೊಂದು ಖಾಲಿ ದಿನವನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತುಮಾಡಿಟ್ಟರೆ ಅದು ಸೋಲಿನ ದಿನವಾಗುವುದಿಲ್ಲ. ಅಕ್ಟೋಬರನ್ನೇ ಆರಿಸಿಕೊಳ್ಳುವ ಕನ್ನಡಿಗರಿಗೆ ಇದು ಇನ್ನೂ ಅಗತ್ಯ, ಏಕೆಂದರೆ ನವರಾತ್ರಿ ಹೆಚ್ಚಾಗಿ ಆ ತಿಂಗಳಲ್ಲೇ ಬರುತ್ತದೆ, ಕೆಲವು ವರ್ಷ ದೀಪಾವಳಿಯೂ ಅದರೊಳಗೇ ಬಂದುಬಿಡುತ್ತದೆ. ಮನೆ ತುಂಬ ನೆಂಟರಿರುವ ದಿನಕ್ಕೆ ಹತ್ತು ನಿಮಿಷದ ಸ್ಕೆಚ್ ಎಂದು ಮೊದಲೇ ಬರೆದಿಟ್ಟುಕೊಳ್ಳಬಹುದು. ಇಲ್ಲವೇ ಬೇರೆ ತಿಂಗಳನ್ನೇ ಹಿಡಿಯಬಹುದು, ಈ ನೇಮವನ್ನು ಅಕ್ಟೋಬರಿಗೇ ಯಾರೂ ಬರೆದುಕೊಟ್ಟಿಲ್ಲ. ಜೇಕ್ ಪಾರ್ಕರ್ ಅವರೇ ದಿನ ಬಿಟ್ಟು ದಿನ, ಅಥವಾ ವಾರಕ್ಕೊಂದು ಬರೆಯುವವರಿಗೂ ತಮ್ಮ ನಿಯಮದಲ್ಲಿ ಜಾಗ ಕೊಟ್ಟಿದ್ದಾರೆ. ಬಿಡುವು ದೇಹಕ್ಕೂ ಬೇಕು: ಇಡೀ ದಿನ ಕಚೇರಿಯಲ್ಲಿ ಮೌಸ್ ಹಿಡಿದ ಕೈಯೇ ರಾತ್ರಿ ಸ್ಟೈಲಸ್ ಹಿಡಿಯುವುದು. ಮಣಿಕಟ್ಟಿನ ನೋವು, ಕಣ್ಣಿನ ಉರಿ ಇವು ಮನೋಬಲದಿಂದ ವಾಸಿಯಾಗುವಂಥವಲ್ಲ.

ವಿಷಯಗಳ ಪಟ್ಟಿಯನ್ನೂ ಸ್ವಂತದ್ದೇ ಮಾಡಿಕೊಳ್ಳುವುದು ಮೇಲು. ಬೇರೊಬ್ಬರು ಕೊಟ್ಟ ಮೂವತ್ತೊಂದು ಬಿಡಿ ಪದಗಳಿಗೆ ಒಂದಕ್ಕೊಂದು ನಂಟಿರುವುದಿಲ್ಲ. ಇಂದು ಕಲಿತದ್ದು ನಾಳೆಗೆ ಒದಗುವುದು ಅಪರೂಪ. ಅದರ ಬದಲು ಕೈ ಬರೆಯುವುದು ಕಷ್ಟವೆನ್ನಿಸಿದವರು ಒಂದು ವಾರ ಕೈಗಳನ್ನೇ ಬರೆಯಲಿ: ಹೂ ಕಟ್ಟುವ ಕೈ, ರೊಟ್ಟಿ ತಟ್ಟುವ ಕೈ, ಬಸ್ಸಿನ ಕಂಬಿ ಹಿಡಿದ ಕೈ, ಟಿಕೆಟ್ ಹರಿಯುವ ಕೈ. ಮುಂದಿನ ವಾರ ಅದೇ ಕೈಗಳ ಮೇಲೆ ಬೆಳಕು ಬೀಳುವ ಬಗೆ. ಜಪಾನಿನ ಚಿತ್ರಕಾರ ಹೊಕುಸಾಯ್ ಎಂಬತ್ತು ದಾಟಿದ ಮೇಲೆ, 1842–43ರಲ್ಲಿ, ಕೆಡುಕು ದೂರವಾಗಲೆಂದು ದಿನವೂ ಸಿಂಹದ ಚಿತ್ರ ಬರೆಯುತ್ತಿದ್ದರು. ವಿಷಯ ಒಂದೇ ಇದ್ದರೂ ಸಿಂಹ ಒಮ್ಮೆ ಕುಣಿಯುತ್ತದೆ, ಒಮ್ಮೆ ಮಲಗುತ್ತದೆ, ಮನುಷ್ಯನಂತೆ ವರ್ತಿಸುತ್ತದೆ.

ಇಷ್ಟೊಂದು ಸಡಿಲ ಬಿಟ್ಟರೆ ಅದು ಚಾಲೆಂಜ್ ಹೇಗಾದೀತು ಎಂದು ಕೇಳುವವರಿದ್ದಾರೆ. ಅವರು ಬೀಪಲ್ ಎಂಬ ಹೆಸರಿನ ಮೈಕ್ ವಿಂಕಲ್‌ಮನ್ ಅವರತ್ತ ಬೆರಳು ತೋರಿಸುತ್ತಾರೆ. 2007ರ ಮೇ 1ರಿಂದ ಒಂದು ದಿನವೂ ತಪ್ಪಿಸದೆ ದಿನಕ್ಕೊಂದು ಚಿತ್ರ ಮಾಡುತ್ತ ಬಂದವರು ಅವರು. ಮೊದಲ ಐದು ಸಾವಿರ ದಿನಗಳ ಚಿತ್ರಗಳನ್ನು ಸೇರಿಸಿದ ಕೃತಿ 2021ರ ಮಾರ್ಚಿನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 6.9 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಆ ಶಿಸ್ತನ್ನು ಗೌರವಿಸಲೇಬೇಕು. ಆದರೆ ಅವರ ಉದಾಹರಣೆಯೂ ನನ್ನ ವಾದದ ಕಡೆಗೇ ವಾಲುತ್ತದೆ. ಶುರುಮಾಡಿದ ಚಿತ್ರವನ್ನು ಅಂದೇ ಮುಗಿಸಬೇಕು ಎಂಬುದು ಅವರ ನಿಯಮ, ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಹೊಸ ಹೊಸ ತಂತ್ರಾಂಶಗಳನ್ನು ಒಂದೊಂದಾಗಿ ಕಲಿಯುವುದಕ್ಕೂ ಅವರು ಈ ನೇಮವನ್ನೇ ಬಳಸಿಕೊಂಡರು. ಹರಾಜಿನ ಮೊತ್ತವನ್ನು ಮಾತ್ರ ಕಣ್ಣಮುಂದೆ ಇಟ್ಟುಕೊಂಡರೆ ಆ ಹದಿಮೂರು ವರ್ಷಗಳ ಸಣ್ಣ ಸಣ್ಣ ಮಿತಿಗಳು ಕಾಣುವುದಿಲ್ಲ. ಇನ್ನು ಬಿಡುವಿನ ಪ್ರಶ್ನೆ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು 1993ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಿಂದ ಜನ ನೆನಪಿಟ್ಟುಕೊಂಡದ್ದು ಸಾವಿರಾರು ಗಂಟೆಗಳ ಸಾಧನೆಯನ್ನಷ್ಟೇ. ಆ ವಿದ್ಯಾರ್ಥಿಗಳಲ್ಲಿ ಉತ್ತಮರಾದವರು ನಡುವೆ ವಿರಾಮ ಕೊಟ್ಟು ಅಭ್ಯಾಸ ಮಾಡುತ್ತಿದ್ದರು, ಮಧ್ಯಾಹ್ನ ಚೆನ್ನಾಗಿ ನಿದ್ದೆಯನ್ನೂ ಮಾಡುತ್ತಿದ್ದರು ಎಂಬುದೂ ಅದೇ ಅಧ್ಯಯನದಲ್ಲಿದೆ.

ಎಲ್ಲವನ್ನೂ ಮೊದಲೇ ಗೊತ್ತುಮಾಡಿದರೆ ಸ್ಫೂರ್ತಿಗೆ ಜಾಗವೆಲ್ಲಿ ಎಂಬುದು ಇದಕ್ಕಿಂತ ಗಂಭೀರವಾದ ಆಕ್ಷೇಪ. ಯಾವ ಚಿತ್ರ ಬರಬೇಕು ಎಂಬುದನ್ನೇ ಯೋಜಿಸಿದರೆ ಈ ಆಕ್ಷೇಪ ನ್ಯಾಯವೇ, ಆಗ ತಿಂಗಳು ಗುತ್ತಿಗೆ ಕೆಲಸದಂತಾಗುತ್ತದೆ. ಇಲ್ಲಿ ಯೋಜಿಸಬೇಕೆಂದು ಹೇಳುತ್ತಿರುವುದು ಚಿತ್ರದ ಸುತ್ತಲಿನದನ್ನು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರ ಲೇಖನವೊಂದರಲ್ಲಿ ತೋರಿಸಿದಂತೆ, ‘ಮಾಡುತ್ತೇನೆ’ ಎಂಬ ಬರಿಯ ಸಂಕಲ್ಪಕ್ಕಿಂತ ‘ಇಂಥ ಹೊತ್ತಿಗೆ, ಇಂಥ ಕಡೆ, ಹೀಗೆ ಮಾಡುತ್ತೇನೆ’ ಎಂಬ ತೀರ್ಮಾನ ಕೆಲಸಕ್ಕೆ ಹಚ್ಚುವುದು ಹೆಚ್ಚು. ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಇದೇ ಕುರ್ಚಿಯಲ್ಲಿ ಕೂತು ಟ್ಯಾಬ್ ತೆರೆಯುತ್ತೇನೆ ಎಂದು ಗೊತ್ತುಮಾಡಿಕೊಂಡವರಿಗೆ ಕೂರಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಹೊತ್ತು ಹೋಗುವುದಿಲ್ಲ. ಉಳಿದ ನಲವತ್ತು ನಿಮಿಷವೂ ಸ್ಫೂರ್ತಿಯದೇ.

ಯಂತ್ರ ಕ್ಷಣದಲ್ಲಿ ಚಿತ್ರ ಕೊಡುವ ಕಾಲದಲ್ಲಿ ಈ ಪಾಡು ಯಾಕೆ ಎಂಬ ಮಾತನ್ನೂ ಈಚೆಗೆ ಕೇಳುತ್ತೇವೆ. ಚಿತ್ರವೊಂದು ಬೇಕು ಎಂಬುದಷ್ಟೇ ಉದ್ದೇಶವಾದರೆ ಆ ಮಾತಿಗೆ ಎದುರು ಹೇಳುವುದು ಕಷ್ಟ. ಆದರೆ ಕಣ್ಣು ಕೈಗಳ ಹೊಂದಾಣಿಕೆ ಬೆಳೆಯುವುದು ಬರೆದವರಲ್ಲಿ ಮಾತ್ರ, ಪಡೆದವರಲ್ಲಿ ಅಲ್ಲ. ಜಾಲತಾಣಕ್ಕೆ ಹಾಕುವ ವಿಷಯದಲ್ಲಿ ಮಾತ್ರ ಈ ಹೊಸ ಕಾಲ ನಮ್ಮ ಲೆಕ್ಕವನ್ನು ಬದಲಿಸಬೇಕು. ಜನ ನೋಡುತ್ತಿದ್ದಾರೆ ಎಂಬ ಅರಿವು ಕೆಲವರನ್ನು ನೇಮದಲ್ಲಿ ನಿಲ್ಲಿಸುತ್ತದೆ, ನಿಜ. ಅದೇ ಅರಿವು ಲೈಕ್ ಬರುವಂಥದ್ದನ್ನೇ ಬರೆಯುವಂತೆಯೂ ಮಾಡುತ್ತದೆ, ನಲವತ್ತು ನಿಮಿಷವನ್ನು ಮೂರು ಗಂಟೆಗೆ ಎಳೆಯುತ್ತದೆ. ಜೊತೆಗೆ, ಎಲ್ಲರಿಗೂ ಕಾಣುವಂತೆ ಹಾಕಿದ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸಿಕೊಳ್ಳುವ ಬಗ್ಗೆ ಕಲಾವಿದರ ಆತಂಕ ಸಣ್ಣದಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಗ್ಲೇಜ್ ಎಂಬ ರಕ್ಷಣೆಯ ಸಾಧನವನ್ನು ಬಿಡುಗಡೆ ಮಾಡಿದ್ದೇ ಈ ಕಾರಣಕ್ಕೆ. ದಿನವೂ ಬರೆದು ವಾರಕ್ಕೊಮ್ಮೆ ಆಯ್ದ ಎರಡನ್ನು ಮಾತ್ರ, ಚಿಕ್ಕ ಅಳತೆಯಲ್ಲಿ ಹಾಕುವುದು ನನಗೆ ಸರಿಯಾಗಿ ಕಾಣುತ್ತದೆ. ಉಳಿದವನ್ನು ನಂಬಿಕಸ್ಥರಾದ ನಾಲ್ಕೈದು ಗೆಳೆಯರ ಗುಂಪಿನಲ್ಲಿ ತೋರಿಸಿ ಮಾತಾಡಿದರೆ ಕಲಿಕೆ ಹೆಚ್ಚು.

ನಮ್ಮ ಕಲಾ ಶಾಲೆಗಳು, ಸಂಘಗಳು ಈ ಬಗೆಯ ಚಾಲೆಂಜ್ ನಡೆಸುವುದಾದರೆ ಮೊದಲು ಕೈಬಿಡಬೇಕಾದದ್ದು ಒಂದು ದಿನವೂ ತಪ್ಪಿಸದವರಿಗೆ ಬಹುಮಾನ ಎಂಬ ಸಾಲನ್ನು. ಕ್ಯಾನ್ವಾಸಿನ ಅಳತೆ, ಬಣ್ಣಗಳ ಸಂಖ್ಯೆ, ಗರಿಷ್ಠ ಸಮಯ, ವಾರದ ಬಿಡುವು ಇವನ್ನು ನಿಯಮದಲ್ಲೇ ಬರೆಯಲಿ. ಮೊಬೈಲಿನಲ್ಲಿ ಬೆರಳಿನಿಂದ ಬರೆಯುವ ಹಳ್ಳಿಯ ಹುಡುಗಿಗೂ ದುಬಾರಿ ಟ್ಯಾಬ್ ಇರುವ ನಗರದ ಹುಡುಗನಿಗೂ ಇದರಿಂದ ಅಂಗಳ ಒಂದಿಷ್ಟಾದರೂ ಸಮವಾಗುತ್ತದೆ. ತಿಂಗಳ ಕೊನೆಗೆ ಇಪ್ಪತ್ತಾರೋ ಇಪ್ಪತ್ತೇಳೋ ಚಿತ್ರಗಳನ್ನು ಒಂದೇ ಪರದೆಯಲ್ಲಿ ಸಾಲಾಗಿ ಜೋಡಿಸಿ, ಯಾವ ತಪ್ಪು ಮತ್ತೆ ಮತ್ತೆ ಬಂದಿದೆ, ಯಾವುದು ಮೂರನೆಯ ವಾರದಲ್ಲಿ ಮರೆಯಾಯಿತು ಎಂದು ಮೇಷ್ಟರೊಂದಿಗೆ ಕೂತು ನೋಡುವುದಕ್ಕೆ ಒಂದು ದಿನ ಮೀಸಲಿಡಲಿ. ಬಹುಮಾನ ಕೊಡಲೇಬೇಕೆಂದಿದ್ದರೆ, ಮೊದಲ ವಾರದ ಚಿತ್ರವೊಂದನ್ನು ಆಯ್ದು ಆ ದಿನ ಹೊಸದಾಗಿ ಬರೆಯುವವರಲ್ಲಿ ಯಾರ ಎರಡು ಚಿತ್ರಗಳ ನಡುವಿನ ಅಂತರ ಹೆಚ್ಚಿದೆಯೋ ಅವರಿಗೆ ಕೊಡಲಿ.