ಸೇನೆಯ ವೈದ್ಯಕೀಯ ಸಹಾಯಕರು: ಕಾವಲಿಗಲ್ಲ, ಆರೈಕೆಗೆ

ಅಕ್ಕಿ ಗಿರಣಿ, ಗೋದಾಮು, ಬ್ಯಾಂಕು, ಪೆಟ್ರೋಲ್ ಬಂಕುಗಳ ಬಾಗಿಲಲ್ಲಿ ಸಮವಸ್ತ್ರ ಧರಿಸಿ ನಿಂತ ಮಾಜಿ ಸೈನಿಕರನ್ನು ನಾವೆಲ್ಲರೂ ಕಾಣುತ್ತಿರುತ್ತೇವೆ. ಮಿಲಿಟರಿಯಿಂದ ಬಂದವರೆಂದರೆ ನಂಬಿಕಸ್ಥರು, ಸಮಯಪಾಲಕರು ಎಂಬ ಭಾವನೆ ವರ್ತಕ ಸಮುದಾಯದಲ್ಲಿ ಬಲವಾಗಿದೆ; ಅದು ಯೋಗ್ಯವಾದ ಭಾವನೆಯೂ ಹೌದು. ಆದರೆ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಎಷ್ಟು ವರ್ಷ ಸೇವೆ, ಯಾವ ದರ್ಜೆಯಲ್ಲಿ ನಿವೃತ್ತಿ ಎಂದು ವಿಚಾರಿಸುವ ನಾವು, ಸೇನೆಯಲ್ಲಿ ಅವರು ನಿರ್ವಹಿಸುತ್ತಿದ್ದ ಕಸುಬು ಯಾವುದೆಂದು ಕೇಳುವುದು ವಿರಳ. ಸೈನಿಕರೆಲ್ಲರೂ ಬಂದೂಕು ಹಿಡಿದವರೇ ಎಂಬ ತಪ್ಪು ತಿಳಿವಳಿಕೆಯೇ ಇದಕ್ಕೆ ಕಾರಣ. ಅವರಲ್ಲಿ ಚಾಲಕರಿದ್ದಾರೆ, ಗುಮಾಸ್ತರಿದ್ದಾರೆ, ಯಂತ್ರ ಬಿಚ್ಚಿ ಜೋಡಿಸಬಲ್ಲವರಿದ್ದಾರೆ. ಗಾಯಾಳುವಿನ ರಕ್ತಸ್ರಾವ ನಿಲ್ಲಿಸಿ ಜೀವ ಉಳಿಸುವುದನ್ನೇ ಹತ್ತಾರು ವರ್ಷ ಕಸುಬಾಗಿ ಮಾಡಿದವರೂ ಇದ್ದಾರೆ. ಈ ಕೊನೆಯ ವರ್ಗದವರ ಕುರಿತು, ಆನವಟ್ಟಿ ಭಾಗದ ಉದ್ದಿಮೆದಾರರ ದೃಷ್ಟಿಯಿಂದ, ಕೆಲವು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ.

ಇವರು ಯಾರು?

1943ರ ಏಪ್ರಿಲ್ 3ರಂದು ಇಂಡಿಯನ್ ಮೆಡಿಕಲ್ ಸರ್ವಿಸ್, ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್ ಹಾಗೂ ಇಂಡಿಯನ್ ಹಾಸ್ಪಿಟಲ್ ಕೋರ್ ಎಂಬ ಮೂರು ಸಂಸ್ಥೆಗಳನ್ನು ಒಂದುಗೂಡಿಸಿ ರಚಿಸಲಾದ ದಳವೇ ಇಂದಿನ ಆರ್ಮಿ ಮೆಡಿಕಲ್ ಕೋರ್. "ಸರ್ವೇ ಸಂತು ನಿರಾಮಯಾಃ" ಎಂಬುದು ಅದರ ಧ್ಯೇಯವಾಕ್ಯ. ಲಖನೌದಲ್ಲಿ ಅದರ ತರಬೇತಿ ಕೇಂದ್ರವಿದೆ. ಭೂಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಎಂದೂ, ನೌಕಾದಳ ಮತ್ತು ವಾಯುದಳಗಳಲ್ಲಿ ಮೆಡಿಕಲ್ ಅಸಿಸ್ಟೆಂಟ್ ಎಂದೂ ಕರೆಯಲ್ಪಡುವ ಈ ಸಿಬ್ಬಂದಿ ಸಾಮಾನ್ಯವಾಗಿ ವಿಜ್ಞಾನ ವಿಷಯದಲ್ಲಿ ಪಿ.ಯು.ಸಿ. ಮುಗಿಸಿದವರು. ಗಾಯಕ್ಕೆ ಪಟ್ಟಿ ಕಟ್ಟುವುದು, ಮುರಿದ ಮೂಳೆಗೆ ಆಧಾರ ಕೊಡುವುದು, ಉಸಿರಾಟದ ಮಾರ್ಗ ತೆರವುಗೊಳಿಸುವುದು, ವೈದ್ಯರ ಸೂಚನೆಯಂತೆ ಇಂಜೆಕ್ಷನ್ ಹಾಗೂ ಗ್ಲೂಕೋಸ್ ನೀಡುವುದು, ಗಾಯಾಳುಗಳಲ್ಲಿ ಯಾರನ್ನು ಮೊದಲು ಸಾಗಿಸಬೇಕೆಂದು ನಿರ್ಧರಿಸುವುದು, ಎಲ್ಲವನ್ನೂ ದಾಖಲೆಯಲ್ಲಿ ಬರೆಯುವುದು: ಇವು ಅವರ ನಿತ್ಯದ ಕೆಲಸಗಳು.

ಅನನುಕೂಲ ಪರಿಸ್ಥಿತಿಯಲ್ಲಿ ದುಡಿಯುವುದು ಈ ಕಸುಬಿನ ವಿಶೇಷ. ಕೊರಿಯಾ ಯುದ್ಧಕ್ಕೆ 1950ರಲ್ಲಿ ಭಾರತ ಕಳುಹಿಸಿದ್ದು ಹೋರಾಡುವ ಪಡೆಯನ್ನಲ್ಲ, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸನ್ನು. ಪ್ಯಾಂಗ್‌ಯಾಂಗ್‌ನಿಂದ ಹಿಮ್ಮೆಟ್ಟುವಾಗ ಆಸ್ಪತ್ರೆಯ ಸಾಮಗ್ರಿಗಳನ್ನು ಬಿಟ್ಟುಹೋಗಲು ಒಪ್ಪದೆ, ಹಳೆಯ ರೈಲು ಎಂಜಿನ್ನೊಂದನ್ನು ಹುಡುಕಿ, ಬಕೆಟ್‌ಗಳಿಂದ ನೀರು ತುಂಬಿಸಿ, ತಾವೇ ನಡೆಸಿಕೊಂಡು ಬಂದವರು ಅವರು. ಅದೇ ಘಟಕ 2023ರ ಫೆಬ್ರವರಿಯಲ್ಲಿ ಟರ್ಕಿಯ ಭೂಕಂಪ ಸಂತ್ರಸ್ತರಿಗಾಗಿ ಇಸ್ಕೆಂದರೂನ್ ಪಟ್ಟಣದಲ್ಲಿ ಆಸ್ಪತ್ರೆ ತೆರೆಯಿತು. ಇಂತಹ ಪರಂಪರೆಯಲ್ಲಿ ಪಳಗಿದವರು ನಿವೃತ್ತರಾಗುವುದು ಅನೇಕ ವೇಳೆ ನಲವತ್ತರ ಆಸುಪಾಸಿನಲ್ಲಿ. ಸಿಪಾಯಿ ದರ್ಜೆಯವರಿಗೆ ಪಿಂಚಣಿಗೆ ಬೇಕಾದ ಕನಿಷ್ಠ ಸೇವೆ 15 ವರ್ಷ. ಊರಿಗೆ ಮರಳಿದಾಗ ದುಡಿಯುವ ವಯಸ್ಸಿನ ಅರ್ಧದಷ್ಟು ಇನ್ನೂ ಉಳಿದಿರುತ್ತದೆ.

ನಮ್ಮ ಭಾಗದ ಅಗತ್ಯ

ಆನವಟ್ಟಿ ಸೊರಬ ತಾಲ್ಲೂಕಿನ ವ್ಯಾಪಾರ ಕೇಂದ್ರ. ಸುತ್ತಲಿನ ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿಗಳ ವಹಿವಾಟನ್ನು ಅವಲಂಬಿಸಿದ ಗಿರಣಿ, ಗೋದಾಮು, ವರ್ಕ್‌ಶಾಪು, ಸಾಗಾಣಿಕೆ ವಾಹನಗಳ ಊರು ಇದು. ಇಲ್ಲಿ ಸಂಭವಿಸುವ ಅಪಘಾತಗಳ ಸ್ವರೂಪ ನಮಗೆಲ್ಲ ತಿಳಿದದ್ದೇ. ಗಿರಣಿಯ ಬೆಲ್ಟಿಗೆ ಸಿಲುಕಿದ ಕೈ, ಸುಗ್ಗಿಯ ಕಾಲದಲ್ಲಿ ಒಕ್ಕಣೆ ಯಂತ್ರ, ಅಡಿಕೆ ಮರದಿಂದ ಬಿದ್ದ ಕೊನೆಗಾರ, ಒದ್ದೆ ನೆಲದ ಮೇಲೆ ತಗುಲಿದ ವಿದ್ಯುತ್, ಕೀಟನಾಶಕ ಸಿಂಪಡಿಸುವಾಗ ತಲೆಸುತ್ತಿ ಬಿದ್ದ ಕೂಲಿಯಾಳು, ಮೂಟೆಗಳ ನಡುವೆ ಅಡಗಿದ ಹಾವು. ಮೇಲ್ಮಟ್ಟದ ಚಿಕಿತ್ಸೆಗೆ ಶಿರಾಳಕೊಪ್ಪ, ಶಿಕಾರಿಪುರಗಳನ್ನು ದಾಟಿ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೆ, ಇಲ್ಲವೇ ಹಾನಗಲ್ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗಬೇಕು. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಇದೆ, ಅದು ಅಮೂಲ್ಯವಾದುದು. ಆದರೆ ವಾಹನ ಬರುವವರೆಗಿನ ಹದಿನೈದು ಇಪ್ಪತ್ತು ನಿಮಿಷ ಯಾರದು? ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಗಾಯದ ಮೇಲೆ ಸರಿಯಾಗಿ ಒತ್ತಿ ಹಿಡಿಯಬಲ್ಲವನು, ಹಾವು ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಅಂಗವನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ ಎಂದು ಗದರಿಸಿ ಹೇಳಬಲ್ಲವನು ಆ ಹೊತ್ತಿನಲ್ಲಿ ಅಂಗಳದಲ್ಲಿರಬೇಕು.

ಮತ್ತೊಂದು ಸಂಗತಿ ನಮ್ಮ ತಾಲ್ಲೂಕಿಗೇ ಸೇರಿದ್ದು. 1957ರಲ್ಲಿ ಮಂಗಗಳ ಸಾವಿನೊಡನೆ ಗುರುತಿಸಲ್ಪಟ್ಟ ಮಂಗನ ಕಾಯಿಲೆಗೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಇರುವ ಹೆಸರು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನದು. ಉಣ್ಣೆಗಳ ಮೂಲಕ ಹರಡುವ ಈ ಜ್ವರಕ್ಕೆ ನಿರ್ದಿಷ್ಟ ಔಷಧವಿಲ್ಲ. ಹಿಂದೆ ನೀಡಲಾಗುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆದುದರಿಂದ ಬೇಗ ಗುರುತಿಸಿ ಆಸ್ಪತ್ರೆಗೆ ಸೇರಿಸುವುದೇ ಮುಖ್ಯ. ಕಾಡಂಚಿನಿಂದ ದುಡಿಮೆಗೆ ಬರುವ ಕಾರ್ಮಿಕನ ಜ್ವರವನ್ನು "ಬಿಸಿಲಿಗೆ ಬಂದಿರಬೇಕು" ಎಂದು ತಳ್ಳಿಹಾಕದೆ, ಎಲ್ಲಿ ಸೌದೆ ತಂದೆ, ಎಷ್ಟು ದಿನವಾಯಿತು ಎಂದು ಕೇಳಿ ಬರೆದುಕೊಳ್ಳುವ ಅಭ್ಯಾಸ ಸೇನೆಯ ವೈದ್ಯಕೀಯ ಸಹಾಯಕನಿಗೆ ಇರುತ್ತದೆ.

ಎರಡು ತಪ್ಪುಗಳು

ಇಂತಹವರ ವಿಷಯದಲ್ಲಿ ಸಮಾಜ ಎರಡು ತಪ್ಪುಗಳನ್ನು ಮಾಡುತ್ತಿದೆ. ಮೊದಲನೆಯದು ಅವರನ್ನು ಕೆಳಗಿಳಿಸುವುದು. ಗೇಟಿನ ಬಳಿ ಕುಳ್ಳಿರಿಸಿ ವಾಹನಗಳ ನಂಬರು ಬರೆಸುತ್ತೇವೆ. ಒಳಗೆ ಯಂತ್ರಕ್ಕೆ ಕೈ ಸಿಕ್ಕಿದಾಗ ಅವರನ್ನು ಕರೆಯಬೇಕೆಂಬುದೂ ಯಾರಿಗೂ ಹೊಳೆಯುವುದಿಲ್ಲ. ಕಾವಲು ಕೆಲಸ ಕೀಳೆಂದು ಇದರ ಅರ್ಥವಲ್ಲ. ಸರ್ಕಾರ ಸಾರ್ವಜನಿಕರ ಹಣದಿಂದ ವರ್ಷಗಟ್ಟಲೆ ಕಲಿಸಿದ ವಿದ್ಯೆಯನ್ನು ತುಕ್ಕು ಹಿಡಿಯಲು ಬಿಡುವುದು ಯಾವ ವ್ಯಾಪಾರಿಯ ಲೆಕ್ಕಕ್ಕೂ ಒಗ್ಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗಿದೆ.

ಎರಡನೆಯ ತಪ್ಪು ಇದಕ್ಕಿಂತ ಅಪಾಯಕಾರಿ. ಅದು ಅವರನ್ನು ವೈದ್ಯರನ್ನಾಗಿ ಮಾಡುವುದು. ಊರಿನಲ್ಲಿ ಒಬ್ಬರು ಇಂಜೆಕ್ಷನ್ ಕೊಡಬಲ್ಲರೆಂದು ತಿಳಿದರೆ ಸಾಕು, ಜ್ವರ, ಕೆಮ್ಮು, ಬೆನ್ನುನೋವು ಎಂದು ಜನ ಮನೆಬಾಗಿಲಿಗೆ ಬರುತ್ತಾರೆ. ಮೊದಮೊದಲು ದಾಕ್ಷಿಣ್ಯಕ್ಕೆ, ಆಮೇಲೆ ಸಂಪಾದನೆಗೆ ಎಂದು ಅವರೂ ಜಾರುವ ಸಂಭವವಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಯ 34ನೆಯ ವಿಧಿಯ ಪ್ರಕಾರ, ನೋಂದಾಯಿತ ವೈದ್ಯರಲ್ಲದವರು ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸೇನೆಯ ತರಬೇತಿ ಪತ್ರವು ವೈದ್ಯಕೀಯ ಪದವಿಯಲ್ಲ. ರಾಜ್ಯದ ಶುಶ್ರೂಷಕರ ಪರಿಷತ್ತಿನ ನೋಂದಣಿಯೂ ಪ್ರತ್ಯೇಕವಾದುದು. ಔಷಧ ವಿತರಿಸಲು ನೋಂದಾಯಿತ ಫಾರ್ಮಾಸಿಸ್ಟರೇ ಆಗಿರಬೇಕು. ಹಿಂದಿನ ಕಾಲದ ಕಾಂಪೌಂಡರ್ ಎಲ್ಲವನ್ನೂ ತಾನೇ ನಿಭಾಯಿಸುತ್ತಿದ್ದನೆಂಬ ನೆನಪಿನ ಮೇಲೆ ಇಂದು ಯಾವ ನರ್ಸಿಂಗ್ ಹೋಂ ನಡೆಸುವುದೂ ಸಾಧ್ಯವಿಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಸಹಾಯಕ, ಅಪಘಾತದ ಸ್ಥಳದಲ್ಲಿ ಪ್ರಥಮ ಚಿಕಿತ್ಸಕ: ಈ ಎರಡು ಗೆರೆಗಳ ಒಳಗೇ ಅವರ ಸ್ಥಾನ. ಆ ಸ್ಥಾನ ಸಣ್ಣದಲ್ಲ.

ಹೊರಗಿನ ಅನುಭವ

ಈ ನಡುದಾರಿಯನ್ನು ವ್ಯವಸ್ಥಿತವಾಗಿ ನಿರ್ಮಿಸಿದ ದೇಶ ಅಮೆರಿಕ. ನೌಕಾದಳದಿಂದ ಬಿಡುಗಡೆಯಾದ ವೈದ್ಯಕೀಯ ಸಹಾಯಕರು ತಕ್ಕ ಕೆಲಸವಿಲ್ಲದೆ ಇದ್ದುದನ್ನೂ, ವೈದ್ಯರ ಕೊರತೆಯನ್ನೂ ಒಟ್ಟಿಗೆ ಗಮನಿಸಿದ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಅವರು 1965ರಲ್ಲಿ ಅಂತಹ ನಾಲ್ವರನ್ನು ಸೇರಿಸಿಕೊಂಡು "ಫಿಸಿಷಿಯನ್ ಅಸಿಸ್ಟೆಂಟ್" ಶಿಕ್ಷಣವನ್ನು ಆರಂಭಿಸಿದರು. 1967ರಲ್ಲಿ ಮೂವರು ತೇರ್ಗಡೆಯಾದರು. ಅಷ್ಟು ಅನುಭವಿಗಳಿಗೂ ಎರಡು ವರ್ಷ ಓದಿಸಿದರೆಂಬುದು ಗಮನಿಸಬೇಕಾದ ಅಂಶ. ಸೈನ್ಯದಲ್ಲಿ ನೋಡುವ ರೋಗಿಗಳು ಬಹುಪಾಲು ಆರೋಗ್ಯವಂತ ಯುವಕರು. ಊರಿನ ಆಸ್ಪತ್ರೆಗೆ ಬರುವವರು ಬಸುರಿಯರು, ಶಿಶುಗಳು, ಸಕ್ಕರೆ ಕಾಯಿಲೆಯ ವೃದ್ಧರು. ಅಲ್ಲಿ ಆಜ್ಞೆ ನಡೆಯುತ್ತದೆ, ಇಲ್ಲಿ ನಾಲ್ಕು ಜನ ಸಂಬಂಧಿಕರಿಗೆ ಸಮಾಧಾನ ಹೇಳಬೇಕು. ಈ ವ್ಯತ್ಯಾಸವನ್ನು ಕಲಿಯಲು ಕಾಲ ಬೇಕು.

ನಮ್ಮ ದೇಶದಲ್ಲಿ 1992ರಲ್ಲಿ ಡಾ. ಕೆ.ಎಂ. ಚೆರಿಯನ್ ಅವರ ಪ್ರಯತ್ನದಿಂದ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಇಂತಹ ಶಿಕ್ಷಣ ಆರಂಭವಾಯಿತು. 2021ರ ಸಹವರ್ತಿ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಕಾಯ್ದೆಯು ಇಂತಹ ಅನೇಕ ವೃತ್ತಿಗಳಿಗೆ ಮೊದಲ ಬಾರಿಗೆ ಚೌಕಟ್ಟು ಒದಗಿಸಿದೆ. ಸಹವರ್ತಿ ವೃತ್ತಿಪರರಿಗೆ ಕನಿಷ್ಠ 2,000 ಗಂಟೆಗಳ ವ್ಯಾಸಂಗವನ್ನು ಅದು ನಿಗದಿಪಡಿಸಿದೆ. ಹದಿನೈದು ವರ್ಷ ಗಾಯಾಳುಗಳ ನಡುವೆ ಕಳೆದವನಿಗೆ ಆ ಅವಧಿಯಲ್ಲಿ ನ್ಯಾಯವಾದ ರಿಯಾಯಿತಿ ದೊರೆಯಬೇಕೆಂದು ಸರ್ಕಾರವನ್ನು ಕೋರುವುದು ವಾಣಿಜ್ಯ ಸಂಘಗಳ ಕರ್ತವ್ಯಗಳಲ್ಲಿ ಒಂದಾಗಬೇಕು.

ಮಾಡಬಹುದಾದದ್ದು

1948ರ ಕಾರ್ಖಾನೆಗಳ ಕಾಯ್ದೆಯ 45ನೆಯ ವಿಧಿಯು ಪ್ರತಿ 150 ಕಾರ್ಮಿಕರಿಗೆ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕೆಂದೂ, ಅದರ ಹೊಣೆ ಹೊತ್ತವರು ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಪಡೆದವರಾಗಿರಬೇಕೆಂದೂ ಹೇಳಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಹೊಣೆ ಅದರಲ್ಲಿಯೂ ಇದೆ. ಆದರೆ ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಹಿಂದೆ 10 ಕಾರ್ಮಿಕರು ಸಾಕಾಗಿದ್ದರೆ, ಈಗ 20 ಬೇಕು. ನಮ್ಮ ಭಾಗದ ಅನೇಕ ಗಿರಣಿಗಳು ಈ ಲೆಕ್ಕದ ಕೆಳಗೇ ಉಳಿಯುತ್ತವೆ. ಕಾನೂನು ಬಿಟ್ಟರೂ ಬೆಲ್ಟು ಬಿಡುವುದಿಲ್ಲ. ನಾಲ್ಕು ಜನರ ಗಿರಣಿಯಲ್ಲಿಯೂ ಕೈ ಹೋದರೆ ಹೋದದ್ದೇ.

ಒಂದು ಸಣ್ಣ ಘಟಕ ಒಬ್ಬ ವೈದ್ಯಕೀಯ ಸಹಾಯಕನನ್ನು ಇಟ್ಟುಕೊಳ್ಳಲಾರದು ಎಂಬುದು ನಿಜ. ಇಪ್ಪತ್ತು ಘಟಕಗಳು ಸೇರಿದರೆ ಇಟ್ಟುಕೊಳ್ಳಬಹುದು. ಲೆಕ್ಕಕ್ಕಾಗಿ ಹೇಳುವುದಾದರೆ, ವೇತನಕ್ಕೆ 24,000, ಸಾಮಗ್ರಿ ಮತ್ತು ದೂರವಾಣಿಗೆ 6,000, ಒಟ್ಟು ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಂಡರೆ ಪ್ರತಿ ಘಟಕದ ಪಾಲು 1,500. ಅಂದರೆ ದಿನಕ್ಕೆ 50 ರೂಪಾಯಿ. ಮಾರುಕಟ್ಟೆಯ ಸಮೀಪದಲ್ಲಿ ಒಂದು ಕೊಠಡಿ, ಎಲ್ಲ ಘಟಕಗಳಲ್ಲಿಯೂ ಗೋಡೆಯ ಮೇಲೆ ಒಂದು ದೂರವಾಣಿ ಸಂಖ್ಯೆ, ವಾರಕ್ಕೊಮ್ಮೆ ಪ್ರತಿ ಘಟಕದ ಪೆಟ್ಟಿಗೆಯ ತಪಾಸಣೆ, ತಿಂಗಳಿಗೊಮ್ಮೆ ಕಾರ್ಮಿಕರಿಗೆ ಪ್ರಥಮ ಚಿಕಿತ್ಸೆಯ ಪಾಠ. ಸ್ಥಳೀಯ ವೈದ್ಯರೊಬ್ಬರ ಮೇಲ್ವಿಚಾರಣೆ ಇರಲೇಬೇಕು. ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಅವರೇ ಬರೆದು ಸಹಿ ಮಾಡಿ ಕೊಡಬೇಕು. ವೇತನ ಸರ್ಕಾರ ನಿಗದಿಪಡಿಸಿದ ಕನಿಷ್ಠಕ್ಕಿಂತ ಕಡಿಮೆಯಾಗಬಾರದು. "ಹೇಗೂ ಪಿಂಚಣಿ ಬರುತ್ತದಲ್ಲ" ಎಂದು ಸಂಬಳ ಇಳಿಸುವ ಚೌಕಾಸಿ ನಮ್ಮ ಸಮುದಾಯಕ್ಕೆ ಶೋಭೆ ತರುವುದಿಲ್ಲ. ಪಿಂಚಣಿ ಅವರು ಕಳೆದ ವರ್ಷಗಳಿಗೆ ಸಂದ ಹಣ. ಸಂಬಳ ನಮಗಾಗಿ ದುಡಿಯುವ ದಿನದ ಬೆಲೆ.

ಇದರಿಂದ ಲಾಭವೇನು ಎಂಬ ಪ್ರಶ್ನೆ ಸಹಜ. ಅಪಘಾತವಾದ ದಿನ ಗಿರಣಿ ನಿಲ್ಲುತ್ತದೆ, ನುರಿತ ಕೆಲಸಗಾರ ತಿಂಗಳುಗಟ್ಟಲೆ ಬರುವುದಿಲ್ಲ, ಪರಿಹಾರದ ಹೊಣೆ ಮಾಲೀಕನ ಮೇಲೆ ಬೀಳುತ್ತದೆ. ಸಣ್ಣ ಗಾಯ ಕೀವಾಗದಂತೆ ನೋಡಿಕೊಳ್ಳುವುದರಲ್ಲಿಯೇ ಈ ವೆಚ್ಚದ ಒಂದು ಭಾಗ ಮರಳಿ ಬರಬಹುದು. ಉಳಿದ ಲಾಭ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಉಳಿದ ಕೈಗೆ, ಉಳಿದ ಜೀವಕ್ಕೆ ಖಾತೆ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ.

ಕೆಲಸ ಆರಂಭಿಸಲು ಯಾವ ಆದೇಶವೂ ಬೇಕಿಲ್ಲ. ಶಿವಮೊಗ್ಗೆಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಛೇರಿಗೆ ನಮ್ಮ ಸಂಘದಿಂದ ಒಂದು ಪತ್ರ ಹೋಗಲಿ. ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ವೈದ್ಯಕೀಯ ಶಾಖೆಯಿಂದ ನಿವೃತ್ತರಾಗಿ ಉದ್ಯೋಗ ಬಯಸುವವರಿಗೆ ನಮ್ಮ ಆಹ್ವಾನ ತಲುಪಲಿ. ಅದಕ್ಕೂ ಮೊದಲು, ಸದಸ್ಯರು ತಮ್ಮ ಬಾಗಿಲಲ್ಲಿ ನಿಂತಿರುವ ಮಾಜಿ ಸೈನಿಕರ ಡಿಸ್ಚಾರ್ಜ್ ಪುಸ್ತಕವನ್ನು ಒಮ್ಮೆ ಕೇಳಿ ಓದಲಿ. ಅವರು ಕಲಿತ ಕಸುಬು ಅದರಲ್ಲಿ ಬರೆದಿರುತ್ತದೆ. ನಮಗೆ ಬೇಕಾದವರು ಈಗಾಗಲೇ ನಮ್ಮ ಗೇಟಿನಲ್ಲಿಯೇ ಇರಬಹುದು.