ಜುಮಾ ಹೊತ್ತಿನಲ್ಲಿ ನೋಟ್ಸ್ ಯಾಕೆ ತೆರೆಯುವುದಿಲ್ಲ?

ನಮ್ಮ ಲ್ಯಾಬಿನಲ್ಲಿ ಸರ್ ಕೂರುವ ಕಂಪ್ಯೂಟರ್‌ನಿಂದ ಅಕೌಂಟೆನ್ಸಿ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ಉಳಿದ ಕಂಪ್ಯೂಟರ್‌ಗಳಿಗೆ ಸಿಗುತ್ತವೆ. ಇಂಟರ್ನೆಟ್ ಬೇಡ, ಬ್ರೌಸರ್‌ನಲ್ಲಿ ಆ ಕಂಪ್ಯೂಟರ್‌ನ ವಿಳಾಸ ಟೈಪ್ ಮಾಡಿದರೆ ಸಾಕು. ಕಾಲೇಜಿಗೆ ಮೊಬೈಲ್ ತರುವಂತಿಲ್ಲ, ಮನೆಮಂದಿಗೆಲ್ಲ ಒಂದೇ ಫೋನ್ ಇರುವವರೂ ನಮ್ಮಲ್ಲಿದ್ದಾರೆ. ಅವರಿಗೆ ಇದೇ ಆಧಾರ.

ಆದರೆ ಶುಕ್ರವಾರ ಜುಮಾ ನಮಾಝ್‌ಗೆ ಬಿಟ್ಟಾಗ ಸರ್ ಲಾಗ್ ಆಫ್ ಮಾಡಿ ಮಸೀದಿಗೆ ಹೋಗುತ್ತಾರೆ, ಸರ್ವರ್ ನಿಲ್ಲುತ್ತದೆ. ನಮಗೆ ಹುಡುಗಿಯರಿಗೆ ವಾರದಲ್ಲೇ ಉದ್ದದ ಬಿಡುವು ಸಿಗುವುದು ಆಗ. ಲ್ಯಾಬಿನಲ್ಲಿ ಮೇಡಂ ಇರುತ್ತಾರೆ, ಕಂಪ್ಯೂಟರ್‌ಗಳಿರುತ್ತವೆ, ನೋಟ್ಸ್ ಮಾತ್ರ ತೆರೆಯುವುದಿಲ್ಲ.

ಇದರಲ್ಲಿ ಸರ್ ತಪ್ಪಿಲ್ಲ. ಸರ್ವರ್ ನಡೆಸುವ ರೀತಿಯೇ ಸರಿಯಿಲ್ಲ. ಅದು ಪೈಥಾನ್ ಜೊತೆಗೇ ಬರುವ ಚಿಕ್ಕ ವೆಬ್ ಸರ್ವರ್. ಕಪ್ಪು ವಿಂಡೋದಲ್ಲಿ ಒಂದು ಸಾಲು ಬರೆದರೆ ಶುರು, ವಿಂಡೋ ಮುಚ್ಚಿದರೆ ಬಂದ್. ಲಾಗ್ ಆಫ್ ಬದಲು ಸ್ಕ್ರೀನ್ ಲಾಕ್ ಮಾಡಿದರೆ ನಡೆಯುತ್ತದೆ, ನಿಜ. ಕರೆಂಟ್ ಹೋಗಿ ಬಂದರೆ ಮಾತ್ರ ಯಾರಾದರೂ ಲಾಗಿನ್ ಆಗಿ ಮತ್ತೆ ಅದೇ ಸಾಲು ಬರೆಯಬೇಕು. ಇನ್ನೊಂದು ವಿಷಯ: ಯಾವ ಫೋಲ್ಡರ್‌ನಿಂದ ಶುರು ಮಾಡುತ್ತೇವೋ ಅದರೊಳಗಿನದೆಲ್ಲ ಪಟ್ಟಿಯಾಗಿ ಕಾಣುತ್ತದೆ. ಒಮ್ಮೆ ಅವಸರದಲ್ಲಿ ಬೇರೆ ಫೋಲ್ಡರ್‌ನಿಂದ ಶುರುವಾಗಿ, ನಮ್ಮ ಕಿರುಪರೀಕ್ಷೆಯ ಅಂಕಪಟ್ಟಿ ಇಡೀ ಲ್ಯಾಬಿಗೆ ಕಂಡಿತು. ನನಗೆಷ್ಟು ಬಂದಿತ್ತೆಂದು ಇಲ್ಲಿ ಬರೆಯುವುದಿಲ್ಲ.

ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುವ ಹಳೆಯ ಕಂಪ್ಯೂಟರ್‌ಗೆ ಉಬುಂಟು ಹಾಕಿ, ಅದರಲ್ಲಿ ಎಂಜಿನ್‌ಎಕ್ಸ್ ಹಾಕಬೇಕೆಂಬುದು ನನ್ನ ಅಭಿಪ್ರಾಯ. 2004ರಲ್ಲಿ ಇಗೋರ್ ಸಿಸೊಯೆವ್ ಬಿಡುಗಡೆ ಮಾಡಿದ ಈ ವೆಬ್ ಸರ್ವರ್ ಉಚಿತ, ಕಡಿಮೆ ಮೆಮೊರಿಯಲ್ಲೂ ನಡೆಯುತ್ತದೆ. ಉಬುಂಟುವಿನಲ್ಲಿ ಅದು ಸರ್ವಿಸ್ ಆಗಿ, ಅಂದರೆ ತೆರೆಯ ಹಿಂದೆ ತಾನಾಗಿಯೇ ಕೆಲಸ ಮಾಡುತ್ತದೆ. ಯಾರೂ ಲಾಗಿನ್ ಆಗಬೇಕಿಲ್ಲ, ಕಂಪ್ಯೂಟರ್ ಆನ್ ಮಾಡಿದರೆ ಅದೂ ಆನ್. ಗೊತ್ತುಮಾಡಿದ ಫೋಲ್ಡರ್ ಬಿಟ್ಟು ಬೇರೆಯದನ್ನು ತೋರಿಸುವುದಿಲ್ಲ, ನಾವು ಹೇಳದೆ ಫೈಲ್‌ಗಳ ಪಟ್ಟಿಯನ್ನೂ ಕೊಡುವುದಿಲ್ಲ. ವಿಂಡೋಸ್ ಬಿಡಲು ಮನಸ್ಸಿಲ್ಲದಿದ್ದರೆ ಅಪಾಚೆ ಇದೆ, ಅದನ್ನು ಅಲ್ಲೇ ಸರ್ವಿಸ್ ಆಗಿ ಸೇರಿಸಬಹುದು.

"ಕಣ್ಣಿಗೆ ಕಾಣದೆ ನಡೆಯುವುದನ್ನು ನಂಬುವುದು ಹೇಗೆ?" ಎಂದು ನನ್ನ ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಕಪ್ಪು ವಿಂಡೋ ತೆರೆದಿದ್ದರೆ ನಡೆಯುತ್ತಿದೆ ಎಂದಾದರೂ ತಿಳಿಯುತ್ತದೆ, ಪ್ರಾಕ್ಟಿಕಲ್‌ಗೆ ನನಗೂ ಅದೇ ಇಷ್ಟ. ಆದರೆ ಎಂಜಿನ್‌ಎಕ್ಸ್ ಲಾಗ್ ಬರೆದಿಡುತ್ತದೆ: ಯಾವ ಕಂಪ್ಯೂಟರ್, ಎಷ್ಟು ಗಂಟೆಗೆ, ಯಾವ ಫೈಲ್ ಕೇಳಿತು ಎಂದು, ನಮ್ಮ ಜರ್ನಲ್ ಎಂಟ್ರಿಯ ಹಾಗೆ ತಾರೀಖು ಸಮೇತ. ವಾರಕ್ಕೊಮ್ಮೆ ಅದನ್ನು ನೋಡುವ ಕೆಲಸ ನಮಗೇ ಕೊಡಲಿ. ಕಂಪ್ಯೂಟರ್ ಸ್ಲೀಪ್ ಆಗದಂತೆ ಸೆಟ್ಟಿಂಗ್ ಮಾಡಲು ಮರೆಯಬಾರದು. ಅದು ಮಲಗಿದರೆ ಸರ್ವಿಸ್ ಕೂಡ ಮಲಗುತ್ತದೆ.

ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ ಇನ್ನೂ ಕೆಲವು ಶುಕ್ರವಾರಗಳಿವೆ. ಸರ್ ಒಂದು ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದುಕೊಟ್ಟರೆ ನಾನೂ ನನ್ನ ಗೆಳತಿಯೂ ಬರುತ್ತೇವೆ. ನೋಟ್ಸ್‌ಗಳ ಕೊಂಡಿ ಇರುವ ಮೊದಲ ಪುಟವನ್ನು ಈಗಾಗಲೇ ಬರೆದಿಟ್ಟಿದ್ದೇವೆ.