ಎಲ್ಲ ಚಿತ್ರಕ್ಕೂ ಒಂದೇ ಅಳತೆ ಏಕೆ?
2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಯುರೋಪು ಮನೆಯೊಳಗೆ ಕೂತಾಗ, ಯುರೋಪಿಯನ್ ಒಕ್ಕೂಟದ ಕಮಿಷನರ್ ಥಿಯರಿ ಬ್ರೆಟಾನ್ ಅವರ ಕೋರಿಕೆಯ ಬೆನ್ನಿಗೇ ನೆಟ್‌ಫ್ಲಿಕ್ಸ್ ಅಲ್ಲಿ ವಿಡಿಯೊ ಬಿಟ್‌ರೇಟ್ (ಸೆಕೆಂಡಿಗೆ ಹರಿಯುವ ಡೇಟಾ) ತಗ್ಗಿಸಿತು. ಜಾಲದ ಹೊರೆ ಶೇ 25ರಷ್ಟು ಇಳಿಯುವುದೆಂದು ಹೇಳಿತು. ಭಾರತದಲ್ಲೂ ಮೊಬೈಲಿಗೆ 480ಪಿ ಮಿತಿ ಬಂತು. ತುರ್ತಿಗೆ ಅದು ಸರಿಯೇ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಮಾತ್ರ ಇದೇ ಕಂಪನಿಯ ಎಂಜಿನಿಯರುಗಳು 2015ರಲ್ಲೇ ವಿವರಿಸಿದ್ದ ಕೆಲಸ. ಅಲ್ಲಿಯವರೆಗೆ 1080ಪಿ ಚಿತ್ರ ಯಾವುದೇ ಇರಲಿ, ಗರಿಷ್ಠ ಅಳತೆ ಸೆಕೆಂಡಿಗೆ 5,800 ಕಿಲೊಬಿಟ್. ಆದರೆ ವಿಡಿಯೊ ಕುಗ್ಗಿಸುವ ಕೋಡೆಕ್ ಮುಖ್ಯವಾಗಿ ಬರೆದಿಡುವುದು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾದದ್ದನ್ನು. ಕಾರ್ಟೂನಿನ ಚಪ್ಪಟೆ ಬಣ್ಣಕ್ಕೆ ಆ ಅಳತೆಯ ಕಾಲುಭಾಗ ಸಾಕಾದೀತು. ಮಳೆ, ಜನಜಂಗುಳಿ, ಹಳೆಯ ಫಿಲ್ಮಿನ ಕಣಗಳಿಗೆ ಅಷ್ಟೂ ಸಾಲದು. ಹಾಗಾಗಿ ಪ್ರತಿ ಚಿತ್ರವನ್ನೂ ಪರೀಕ್ಷಿಸಿ ಅದರದೇ ಅಳತೆ ಗೊತ್ತುಮಾಡಿದರು. ನಮ್ಮ ಕಾಲೇಜುಗಳು ಪಾಠದ ವಿಡಿಯೊ ಏರಿಸುವಾಗ ಇಷ್ಟು ಯೋಚಿಸಬೇಕು. ಡೇಟಾ ಎಣಿಸಿ ಬಳಸುವ ಹಳ್ಳಿಯ ವಿದ್ಯಾರ್ಥಿಗೆ ಇದು ದೊಡ್ಡ ವಿಷಯ. ಕರಿಹಲಗೆಯ ಪಾಠದಲ್ಲಿ ರೆಸಲ್ಯೂಶನ್ ಕತ್ತರಿಸಬಾರದು, ಅಕ್ಷರ ಕಲಸಿಹೋಗುತ್ತದೆ. ಬಿಟ್‌ರೇಟ್ ಧೈರ್ಯವಾಗಿ ಇಳಿಸಬಹುದು, ಸೆಕೆಂಡಿನ 30 ಫ್ರೇಮನ್ನು 15ಕ್ಕೆ ತರಬಹುದು. ಮೇಷ್ಟ್ರ ದನಿಯನ್ನು ಮಾತ್ರ ಮುಟ್ಟಬೇಡಿ.